ಗೆಜ್ಜೆ ಸದ್ದಿಗೆ ಆಕಾಶ ಬೇಕು

ಡಿಸೆಂಬರ್ ಮೊದಲ ವಾರಾಂತ್ಯ ಅಮೆರಿಕದ ಯಾವುದಾದರೂ ಊರಿನಲ್ಲಿ ಕ್ರಿಸ್‌ಮಸ್ ಮರ ಮಾರುವ ಜಾಗದ ಪಕ್ಕ ಅರ್ಧ ಗಂಟೆ ನಿಂತರೆ ಒಂದು ತಮಾಷೆ ಕಾಣುತ್ತದೆ. ಮನೆಮಂದಿಯೆಲ್ಲ ಸೇರಿ ಏಳಡಿ ಎತ್ತರದ ಒಂದು ಫ್ರೇಸರ್ ಫರ್ ಆರಿಸುತ್ತಾರೆ. ಅಂಗಡಿಯ ಹುಡುಗ ಬುಡವನ್ನು ಹೊಸದಾಗಿ ಅರ್ಧ ಇಂಚು ಕೊಯ್ದು, ಬಲೆ ಸುತ್ತಿ, ಕಾರಿನ ನೆತ್ತಿಗೇರಿಸಿ ಹಗ್ಗ ಬಿಗಿಯುತ್ತಾನೆ. ಕಾರು ಹೊರಡುತ್ತದೆ. ಒಳಗಿದ್ದವರು ಉತ್ಸಾಹದಿಂದ ಸ್ಯಾಟಲೈಟ್ ರೇಡಿಯೊ, ಅಂದರೆ ಚಂದಾ ಕಟ್ಟಿದವರಿಗೆ ಉಪಗ್ರಹದಿಂದ ಹಾಡು ಇಳಿಸುವ ರೇಡಿಯೊ, ಹಾಕಿ ಕ್ರಿಸ್‌ಮಸ್ ಹಾಡಿನ ಚಾನೆಲ್ ಒತ್ತುತ್ತಾರೆ. ಸದ್ದೇ ಇಲ್ಲ. ಪರದೆಯ ಮೇಲೆ ‘ಅಕ್ವೈರಿಂಗ್ ಸಿಗ್ನಲ್’ (ಸಿಗ್ನಲ್ ಹುಡುಕುತ್ತಿದೆ) ಎಂದು ಬರುತ್ತದೆ, ಮನೆ ತಲುಪುವವರೆಗೂ ಅಷ್ಟೇ ಬರುತ್ತದೆ. ಕ್ರಿಸ್‌ಮಸ್ ಮರವೇ ಕ್ರಿಸ್‌ಮಸ್ ಹಾಡಿನ ಬಾಯಿ ಮುಚ್ಚಿಸಿರುತ್ತದೆ.

ಚಾವಣಿಯ ಹಿಂತುದಿಯಲ್ಲಿ ಮೀನಿನ ಬೆನ್ನರೆಕ್ಕೆಯಂತೆ ಎದ್ದು ನಿಂತ ಪುಟ್ಟ ಪ್ಲಾಸ್ಟಿಕ್ ಗೂಡು ಇದೆಯಲ್ಲ, ಶಾರ್ಕ್ ಫಿನ್, ಸ್ಯಾಟಲೈಟ್ ರೇಡಿಯೊದ ಆಂಟೆನಾ ಇರುವುದು ಅದರೊಳಗೆ. ಮರವನ್ನು ಬುಡ ಮುಂದಕ್ಕೆ, ತುದಿ ಹಿಂದಕ್ಕೆ ಮಾಡಿ ಕಟ್ಟುವುದು ಸರಿಯಾದ ಕ್ರಮ. ತಿರುಗಾಮುರುಗಾ ಕಟ್ಟಿದರೆ ಎದುರು ಗಾಳಿಗೆ ಕೊಂಬೆಗಳು ಮಡಚಿ ಮುರಿಯುತ್ತವೆ. ಸರಿಯಾಗಿ ಕಟ್ಟಿದಾಗಲೇ ಮರದ ತುದಿ ನೇರವಾಗಿ ಆ ಗೂಡಿನ ಮೇಲೆ ಕೂರುತ್ತದೆ ಎನ್ನುವುದು ಫಜೀತಿ. ಈ ರೇಡಿಯೊ ಬರುವ 2.3 ಗಿಗಾಹರ್ಟ್ಸ್ ಅಲೆಗೆ ನೀರೆಂದರೆ ಆಗದು. ಹಸಿ ಎಲೆಯೊಳಗೂ ನೀರು, ಅದರ ಮೇಲೆ ಕೂತ ಕರಗು ಹಿಮದಲ್ಲೂ ನೀರು. ಮರವನ್ನು ಕೊಡವಿ, ಒಂದಡಿ ಪಕ್ಕಕ್ಕೆ ಸರಿಸಿ ಗೂಡಿಗೆ ಬಯಲು ಬಿಟ್ಟು ಕಟ್ಟಿದರೆ ಹಾಡು ವಾಪಸು ಬರುತ್ತದೆ. ಕೆಳಗೆ ಹಳೆಯ ಕಂಬಳಿ ಹಾಸಬೇಕು. ಹಗ್ಗವನ್ನು ಮಾತ್ರ ಯಾವ ಕಾರಣಕ್ಕೂ ಶಾರ್ಕ್ ಫಿನ್‌ಗೆ ಸುತ್ತಬಾರದು. ಕೆಳಗಿನ ರಬ್ಬರ್ ಸಡಿಲವಾದರೆ ಹಿಮದ ನೀರು ಒಳಗಿಳಿಯುತ್ತದೆ, ಮುಂದಿನ ಚಳಿಗಾಲದ ಹೊತ್ತಿಗೆ ಕನೆಕ್ಟರ್ ಹಸಿರುಗಟ್ಟಿರುತ್ತದೆ.

ಎಫ್.ಎಂ. ಆಗಿದ್ದರೆ ಈ ರಗಳೆ ಇರುತ್ತಿರಲಿಲ್ಲ. ಎಫ್.ಎಂ. ಅಲೆ ಸುಮಾರು ಮೂರು ಮೀಟರ್ ಉದ್ದದ್ದು, ಹತ್ತಿರದ ಗೋಪುರದಿಂದ ಭಾರಿ ಶಕ್ತಿಯಲ್ಲಿ ಬರುತ್ತದೆ, ಮರ ಗೋಡೆಗಳನ್ನು ಬಳಸಿಕೊಂಡು ನುಸುಳುತ್ತದೆ. ಸ್ಯಾಟಲೈಟ್ ರೇಡಿಯೊದ ಅಲೆ 13 ಸೆಂಟಿಮೀಟರಿನದು. ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಿಂದ ಇಳಿದು ಬರುವಷ್ಟರಲ್ಲಿ ಅದು ಸೊರಗಿ ಹೋಗಿರುತ್ತದೆ. ಅದಕ್ಕೆ ಬೇಕಾದದ್ದು ಒಂದೇ, ಆಕಾಶ ಕಾಣಬೇಕು.

ಈ ವ್ಯವಸ್ಥೆಗೆ ತುಂಬ ವಯಸ್ಸಾಗಿಲ್ಲ. ಅಮೆರಿಕ ಸರ್ಕಾರ 2320ರಿಂದ 2345 ಮೆಗಾಹರ್ಟ್ಸ್‌ವರೆಗಿನ ಆವರ್ತನ ಪಟ್ಟಿಯನ್ನು 1997ರಲ್ಲಿ ಹರಾಜಿಗಿಟ್ಟಿತು. ತಲಾ 12.5 ಮೆಗಾಹರ್ಟ್ಸ್ ಎರಡು ಕಂಪನಿಗಳ ಪಾಲಾಯಿತು. ಎಕ್ಸ್ಎಂ 2001ರ ಸೆಪ್ಟೆಂಬರಿನಲ್ಲಿ, ಸಿರಿಯಸ್ 2002ರ ಫೆಬ್ರವರಿಯಲ್ಲಿ ಪ್ರಸಾರ ಶುರು ಮಾಡಿದವು. ಎಕ್ಸ್ಎಂ ತನ್ನ ಮೊದಲ ಎರಡು ಉಪಗ್ರಹಗಳಿಗೆ ‘ರಾಕ್’ ಮತ್ತು ‘ರೋಲ್’ ಎಂದು ಹೆಸರಿಟ್ಟಿತ್ತು. ಸಿರಿಯಸ್‌ನ ಮೂರು ಉಪಗ್ರಹಗಳು ಅಂಡಾಕಾರದ ಕಕ್ಷೆಯಲ್ಲಿ ಸುತ್ತುತ್ತಾ ಒಂದೊಂದೂ ದಿನಕ್ಕೆ ಸುಮಾರು 16 ಗಂಟೆ ಉತ್ತರ ಗೋಲಾರ್ಧದ ಮೇಲೆಯೇ ಇರುತ್ತಿದ್ದವು. ಕೇಳುಗರಿಗಾಗಿ ಕಿತ್ತಾಡಿ ಎರಡೂ ಸುಸ್ತಾದ ಮೇಲೆ 2008ರಲ್ಲಿ ಒಂದಾಗಿ ಸಿರಿಯಸ್ಎಕ್ಸ್ಎಂ ಆಯಿತು. 2020ರ ಡಿಸೆಂಬರಿನಲ್ಲಿ ಹಾರಿಸಿದ ಎಸ್ಎಕ್ಸ್ಎಂ-7 ಕಕ್ಷೆ ಸೇರಿದ ಮೇಲೆ ಪರೀಕ್ಷೆಯ ಹಂತದಲ್ಲೇ ಕೆಟ್ಟು ಕೂತಿತು. ಎಸ್ಎಕ್ಸ್ಎಂ-8 ಮರುವರ್ಷ ಹೋಯಿತು, 2024ರ ಡಿಸೆಂಬರಿನಲ್ಲಿ ಎಸ್ಎಕ್ಸ್ಎಂ-9.

ಇದರಲ್ಲಿ ಎಲ್ಲಕ್ಕಿಂತ ಜಾಣತನದ ಕೆಲಸ ಯಾವುದೆಂದರೆ ನಾಲ್ಕು ಸೆಕೆಂಡಿನ ಉಪಾಯ. ಒಂದೇ ಹಾಡನ್ನು ಎರಡು ಉಪಗ್ರಹ ಕಳಿಸುತ್ತವೆ, ಆದರೆ ಒಂದು ಇನ್ನೊಂದಕ್ಕಿಂತ ಸುಮಾರು ನಾಲ್ಕು ಸೆಕೆಂಡು ಹಿಂದೆ. ಕಾರಿನೊಳಗಿನ ರಿಸೀವರ್ ಮೊದಲು ಬಂದದ್ದನ್ನು ತಡೆದಿಟ್ಟುಕೊಂಡು, ಹಿಂದೆ ಬಂದದ್ದರ ಜೊತೆ ಕೂಡಿಸಿ ನುಡಿಸುತ್ತದೆ. ಗಂಟೆಗೆ 60 ಮೈಲಿ ವೇಗದ ಕಾರು ನಾಲ್ಕು ಸೆಕೆಂಡಿನಲ್ಲಿ ನೂರು ಮೀಟರಿಗಿಂತ ಹೆಚ್ಚು ಓಡುತ್ತದೆ. ಅಂದರೆ ಹೆದ್ದಾರಿಯ ಮೇಲ್ಸೇತುವೆಯ ಕೆಳಗೆ ನುಗ್ಗಿ ಆಚೆ ಬಂದರೂ ಹಾಡು ಎಳೆ ಹರಿಯುವುದಿಲ್ಲ. ಅದೇ ಸೇತುವೆಯ ಕೆಳಗೆ ರಜೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ನಿಂತರೆ, ನಾಲ್ಕು ಎಣಿಸುವಷ್ಟರಲ್ಲಿ ಮೌನ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ (ನವೆಂಬರ್ ಕೊನೆಗೆ ಬರುವುದು) ಹಿಂದಿನ ದಿನ ಮತ್ತು ಡಿಸೆಂಬರ್ 23ರ ಸಂಜೆ ಕೇಳಿಬರುವ ದೂರುಗಳಲ್ಲಿ ಇದೂ ಒಂದು. ರೇಡಿಯೊ ಕೆಟ್ಟಿರುವುದಿಲ್ಲ, ಮುಂದಿನ ಕಾರು ಕದಲಿರುವುದಿಲ್ಲ, ಅಷ್ಟೇ. ದೊಡ್ಡ ನಗರಗಳಲ್ಲಿ ಕಟ್ಟಡಗಳು ಆಕಾಶ ಮರೆಮಾಡುವುದರಿಂದ ನೆಲದ ಮೇಲೆ ಅದೇ ಹಾಡನ್ನು ಮರುಪ್ರಸಾರ ಮಾಡುವ ರಿಪೀಟರ್‌ಗಳನ್ನೂ ಇಟ್ಟಿದ್ದಾರೆ. ಮ್ಯಾನ್‌ಹ್ಯಾಟನ್ನಿನ ಬೀದಿಯಲ್ಲಿ ಕೇಳಿದ್ದು ಆಕಾಶದಿಂದ ಬಂದದ್ದಕ್ಕಿಂತ ಹೆಚ್ಚಾಗಿ ಯಾವುದೋ ತಾರಸಿಯಿಂದ ಬಂದದ್ದು.

ಹಿಮ ಬಿದ್ದರೆ ಸಿಗ್ನಲ್ ಹೋಗುತ್ತದೆ ಎಂಬ ನಂಬಿಕೆ ಬಹಳ ಜನರಿಗಿದೆ. ಡಿಶ್ ಟಿ.ವಿ.ಯ ಅನುಭವದಿಂದ ಬಂದ ನಂಬಿಕೆ ಅದು. ಡಿಶ್ ಬಳಸುವ ಅಲೆಯ ಆವರ್ತನ ಇದರ ಐದಾರು ಪಟ್ಟು, ಜೋರು ಮಳೆಗೆ ಅದು ನೆಲ ಕಚ್ಚುತ್ತದೆ. 2.3 ಗಿಗಾಹರ್ಟ್ಸ್‌ಗೆ ಮಳೆಯಿಂದಲೂ ಬೀಳುತ್ತಿರುವ ಒಣ ಹಿಮದಿಂದಲೂ ಅಂಥ ತೊಂದರೆ ಇಲ್ಲ. ತೊಂದರೆ ಕೊಡುವುದು ಆಂಟೆನಾ ಮೇಲೆ ಕೂತು ಅರ್ಧ ಕರಗಿ ಗಂಜಿಯಂತಾದ ಹಿಮ. ಬೆಳಿಗ್ಗೆ ಗಾಜು ಕೆರೆಯುವಾಗ ಶಾರ್ಕ್ ಫಿನ್ ಮೇಲೂ ಒಮ್ಮೆ ಕೈಗವಸು ಸವರಿದರೆ ಮುಗಿಯಿತು. ಕೆರೆಯುವ ಹತಾರ ಅಲ್ಲಿ ಬೇಡ. ಇನ್ನೊಂದು ಮಾತು: ಎಲೆ ಉದುರುವ ಮೇಪಲ್, ಓಕ್ ಮರಗಳ ಸಾಲಿನ ಬೀದಿಯಲ್ಲಿ ಡಿಸೆಂಬರಿನ ಸಿಗ್ನಲ್ ಜುಲೈಗಿಂತ ಚೆನ್ನಾಗಿರುತ್ತದೆ, ಬರಿಗೊಂಬೆಗಳ ನಡುವೆ ಆಕಾಶ ತೆರೆದುಕೊಂಡಿರುತ್ತದೆ. ಪೈನ್, ಸ್ಪ್ರೂಸ್ ಸಾಲಿದ್ದರೆ ಆ ಲಾಭವಿಲ್ಲ.

ಬಯಲು ರಸ್ತೆಯಲ್ಲೇ, ಮೋಡವೂ ಇಲ್ಲದ ದಿನ, ಪ್ರತಿ ಸಲ ಒಂದೇ ತಿರುವಿನಲ್ಲಿ ಹಾಡು ಕಡಿದು ಹೋಗುತ್ತಿದ್ದರೆ ಅಕ್ಕಪಕ್ಕ ಮೊಬೈಲ್ ಗೋಪುರ ಇದೆಯೇ ನೋಡಬೇಕು. ಈ ಪಟ್ಟಿಯ ಕೆಳಗೂ ಮೇಲೂ, ಬೇಲಿಯಾಚೆಯ ಹೊಲದ ಹಾಗೆ, ಮೊಬೈಲ್ ಸೇವೆಯ ಆವರ್ತನಗಳಿವೆ. ಹತ್ತಿರದ ಗೋಪುರ ಅಬ್ಬರಿಸುವಾಗ ದೂರದ ಉಪಗ್ರಹದ ಪಿಸುಮಾತು ಕೇಳುವುದಿಲ್ಲ. ಇದಕ್ಕೆ ಕೇಳುಗ ಮಾಡಬಹುದಾದ್ದು ಏನೂ ಇಲ್ಲ. ಆಂಟೆನಾ ಬದಲಿಸಿ ದುಡ್ಡು ದಂಡ ಮಾಡದಿದ್ದರೆ ಅದೇ ಲಾಭ.

ಮನೆಯೊಳಗೆ ಕೇಳುವವರ ಕತೆಯೇ ಬೇರೆ. ಡಾಕ್ ಮೇಲೆ ಕೂರಿಸುವ ಪುಟ್ಟ ರಿಸೀವರ್‌ಗೆ ಅಂಗೈ ಅಗಲದ ಆಂಟೆನಾ ಬರುತ್ತದೆ, ಅದನ್ನು ಕಿಟಕಿಯ ಬಳಿ ಇಟ್ಟು ದಕ್ಷಿಣದ ಆಕಾಶಕ್ಕೆ ಮುಖ ಮಾಡಬೇಕು. ಎಕ್ಸ್ಎಂ ಬದಿಯ ಉಪಗ್ರಹಗಳು ಪಶ್ಚಿಮ ರೇಖಾಂಶ 85 ಮತ್ತು 115ರ ಆಸುಪಾಸಿನಲ್ಲಿವೆ. ಹಾಗಾಗಿ ನ್ಯೂಜೆರ್ಸಿಯವರು ದಕ್ಷಿಣದಿಂದ ತುಸು ಪಶ್ಚಿಮಕ್ಕೆ, ಸಿಯಾಟಲ್ ಕಡೆಯವರು ದಕ್ಷಿಣದಿಂದ ಪೂರ್ವಕ್ಕೆ ತಿರುಗಿಸಬೇಕು, ದಿಗಂತದಿಂದ ಮೂವತ್ತು ನಲವತ್ತು ಡಿಗ್ರಿ ಮೇಲಕ್ಕೆ ಎತ್ತಿ. ರಿಸೀವರಿನ ಮೆನುವಿನಲ್ಲಿ ಸಿಗ್ನಲ್ ಪಟ್ಟಿ ಇರುತ್ತದೆ, ಉಪಗ್ರಹಕ್ಕೊಂದು, ನೆಲದ ರಿಪೀಟರ್‌ಗೊಂದು. ಆಂಟೆನಾವನ್ನು ಎರಡೆರಡು ಇಂಚು ಸರಿಸಿ, ಪ್ರತಿ ಸಲವೂ ಹತ್ತು ಸೆಕೆಂಡು ಕಾದು ಪಟ್ಟಿ ನೋಡಬೇಕು. ಜನ ಕಾಯುವುದಿಲ್ಲ. ಸರ್ರನೆ ತಿರುಗಿಸುತ್ತಾ ಹೋಗುತ್ತಾರೆ, ಪಟ್ಟಿ ಹಿಂದುಳಿಯುತ್ತದೆ, ಒಳ್ಳೆಯ ಜಾಗ ದಾಟಿ ಹೋಗಿರುತ್ತದೆ.

ಕಿಟಕಿ ದಕ್ಷಿಣಕ್ಕೇ ಇದ್ದರೂ ಏನೂ ಸಿಗುತ್ತಿಲ್ಲವೆಂದರೆ ಎರಡು ಅನುಮಾನ. ಒಂದು, ಸೊಳ್ಳೆ ಪರದೆ ಅಲ್ಯುಮಿನಿಯಂ ಜಾಲರಿಯದ್ದಾಗಿರಬಹುದು. ಇನ್ನೊಂದು, ಗಾಜೇ. ಶಾಖ ಹೊರಹೋಗದಿರಲೆಂದು ಹೊಸ ಮನೆಗಳ ಗಾಜಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಹಚ್ಚಿರುತ್ತಾರೆ, ಅದು ಶಾಖದ ಜೊತೆ ರೇಡಿಯೊ ಅಲೆಯನ್ನೂ ತಡೆಯುತ್ತದೆ. ಅಂಥಲ್ಲಿ ಆಂಟೆನಾ ಹೊರಗೆ ಹೋಗಲೇಬೇಕು. ಕಾರಿನ ಚಾವಣಿಗೆ ಅಂಟಿಸುವ ಅಯಸ್ಕಾಂತದ ಆಂಟೆನಾ ಬೇರೆ ಜಾತಿಯದ್ದು. ಅದಕ್ಕೆ ಕೆಳಗೆ ಲೋಹದ ಹಾಸು ಬೇಕು, ಲೋಹದ ಅಂಚಿನಿಂದ ಮೂರು ಇಂಚಾದರೂ ಒಳಗಿರಬೇಕು. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಮೇಲಿಟ್ಟು ‘ಕೆಲಸ ಮಾಡುತ್ತಿಲ್ಲ’ ಎಂದರೆ ಅದು ಆಂಟೆನಾದ ತಪ್ಪಲ್ಲ. ‘ಚೆಕ್ ಆಂಟೆನಾ’ ಎಂದು ಬಂದರೆ ಮಾತ್ರ ಕೇಬಲ್ ನೋಡಬೇಕು. ಆಕಾಶ ಮರೆಯಾದಾಗ ಬರುವ ಸಂದೇಶ ಅದಲ್ಲ. ತಂತಿ ಬಿಚ್ಚಿಕೊಂಡಾಗ ಅಥವಾ ಕಾರಿನ ಬಾಗಿಲಿಗೆ ಸಿಕ್ಕಿ ಜಜ್ಜಿ ಒಳಗೆ ಶಾರ್ಟ್ ಆದಾಗ ಬರುವುದು. ಕಾರಿನ ಜೊತೆಗೇ ಬಂದ ರೇಡಿಯೊದಲ್ಲಿ ಆ ಕನೆಕ್ಟರ್ ಅನ್ನು ಬಣ್ಣದಿಂದಲೇ ಗುರುತಿಸಬಹುದು, ಸಾರಿನ ಪುಡಿಯ ಹಳದಿ.

ದೀಪದ ಸರಗಳದ್ದು ಇನ್ನೊಂದು ಪ್ರಕರಣ. ಮರಕ್ಕೆ ಎಲ್ಇಡಿ ಸರ ಹಚ್ಚಿದ ಸಂಜೆಯಿಂದ ರೇಡಿಯೊದಲ್ಲಿ ಗೊರಗೊರ ಶುರುವಾಗುತ್ತದೆ. ಅಗ್ಗದ ಸರಗಳ ಅಡಾಪ್ಟರ್ ಹೊಮ್ಮಿಸುವ ಗದ್ದಲ ಎ.ಎಂ., ಎಫ್.ಎಂ. ಪಟ್ಟಿಗೆ ತಗಲುತ್ತದೆ, ಉಪಗ್ರಹದ ಪಟ್ಟಿಗೆ ಹೆಚ್ಚಾಗಿ ಅಲ್ಲ. ಹಾಗಿದ್ದರೆ ಗೊರಗೊರ ಎಲ್ಲಿಂದ? ರಿಸೀವರಿನಿಂದ ಸ್ಪೀಕರಿಗೆ ಹಾಡನ್ನು ಎಫ್.ಎಂ. ಟ್ರಾನ್ಸ್‌ಮಿಟರ್ ಮೂಲಕ ದಾಟಿಸುತ್ತಿದ್ದರೆ ಆ ಕೊನೆಯ ಹತ್ತಡಿಯಿಂದ. ಮೂವತ್ತಾರು ಸಾವಿರ ಕಿಲೋಮೀಟರ್ ಕ್ಷೇಮವಾಗಿ ಬಂದದ್ದು ಹಾಲ್‌ನಲ್ಲಿ ಮುಗ್ಗರಿಸುತ್ತದೆ. 3.5 ಮಿಲಿಮೀಟರಿನ ಆಡಿಯೊ ಕೇಬಲ್ ಒಂದನ್ನು ಚುಚ್ಚಿದರೆ ಕೆಲಸ ಮುಗಿಯಿತು. ಡಿಜಿಟಲ್ ಸಿಗ್ನಲ್ ಕೆಟ್ಟರೆ ಗೊರಗೊರ ಎನ್ನುವುದಿಲ್ಲ, ಮೌನವಾಗುತ್ತದೆ. ಗದ್ದಲ ಕೇಳಿಸಿದರೆ ಉಪಗ್ರಹವನ್ನು ಬೈಯಬಾರದು.

ಇನ್ನು ಕೇಳುವುದೇನನ್ನು? ಸಾಮಾನ್ಯವಾಗಿ ನವೆಂಬರ್ ಮೊದಲ ವಾರಕ್ಕೆಲ್ಲ ಒಂದೆರಡು ಚಾನೆಲ್ ಬಣ್ಣ ಬದಲಿಸಿರುತ್ತವೆ, ಹ್ಯಾಲೋವೀನಿನ ಕುಂಬಳಕಾಯಿ ಇನ್ನೂ ಮೆಟ್ಟಿಲ ಮೇಲಿರುವಾಗಲೇ. ಉಳಿದವು ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಬರುತ್ತವೆ. ‘ಹಾಲಿ’ ಎಂಬುದರಲ್ಲಿ ಈಚಿನ ಗಾಯಕರು. ‘ಹಾಲಿಡೇ ಟ್ರೆಡಿಷನ್ಸ್’ನಲ್ಲಿ ಎರಡನೇ ಮಹಾಯುದ್ಧದ ಆಸುಪಾಸಿನಿಂದ ಅರವತ್ತರ ದಶಕದವರೆಗಿನ ಧ್ವನಿಗಳು. ‘ಹಾಲಿಡೇ ಸೋಲ್’, ‘ಕಂಟ್ರಿ ಕ್ರಿಸ್‌ಮಸ್’, ಚರ್ಚಿನ ವೃಂದಗಾನಕ್ಕೂ ಆರ್ಕೆಸ್ಟ್ರಾಕ್ಕೂ ‘ಹಾಲಿಡೇ ಪಾಪ್ಸ್’, ಸ್ಪ್ಯಾನಿಷ್ ಹಾಡಿಗೆ ‘ನವಿದಾದ್’, ಯಹೂದಿಗಳ ಹನೂಕ ಹಬ್ಬದ ದಿನಗಳಿಗೆ ‘ರೇಡಿಯೊ ಹನೂಕ’. ಚಾನೆಲ್ ನಂಬರು ವರ್ಷ ವರ್ಷ ಬದಲಾಗುತ್ತದೆ. ಕಳೆದ ವರ್ಷದ ನಂಬರು ನೆನಪಿಟ್ಟುಕೊಂಡು ಪ್ರಯೋಜನವಿಲ್ಲ, ಹೆಸರು ನೆನಪಿಟ್ಟುಕೊಳ್ಳಬೇಕು. ಆಕಾಶದಲ್ಲಿರುವ ಜಾಗ ಅಷ್ಟೇ. ಹೊಸ ಚಾನೆಲ್ ಬರಬೇಕೆಂದರೆ ಇರುವ ಯಾವುದೋ ಒಂದು ಎದ್ದು ಜಾಗ ಬಿಡಬೇಕು, ಮನೆಗೆ ನೆಂಟರು ಬಂದಾಗ ಮಕ್ಕಳು ಹಾಸಿಗೆ ಬಿಟ್ಟುಕೊಡುವ ಹಾಗೆ. ತಮ್ಮ ಮೆಚ್ಚಿನ ಚಾನೆಲ್ ಎರಡು ತಿಂಗಳು ಮಾಯವಾಯಿತೆಂದು ಪ್ರತಿ ನವೆಂಬರಿನಲ್ಲೂ ಸಿಡಿಮಿಡಿಗೊಳ್ಳುವ ಕೇಳುಗರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದೇ.

ಈ ಜಾಗದ ಅಭಾವಕ್ಕೂ ಕಿವಿಗೂ ನೇರ ಸಂಬಂಧವಿದೆ, ಈ ಸಂಗೀತವನ್ನು ಕಾರಿನಲ್ಲಿ ಕೇಳುವವರು ತಿಳಿದಿರಬೇಕಾದ ಮುಖ್ಯ ವಿಷಯ ಇದು. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಹರಿಯುತ್ತದೆ. ನೂರಕ್ಕೂ ಹೆಚ್ಚು ಚಾನೆಲ್ ಹಂಚಿಕೊಳ್ಳುವ ಉಪಗ್ರಹದಲ್ಲಿ ಒಂದೊಂದಕ್ಕೂ ಸಿಗುವುದು ಅದರ ಸಣ್ಣದೊಂದು ಚೂರು. ಹಾಗಾಗಿ ಹಾಡನ್ನು ಹಿಂಡಿ ಕಳಿಸುತ್ತಾರೆ. ಹಿಂಡುವಾಗ ಮೊದಲ ಪೆಟ್ಟು ಮೇಲಿನ ಸ್ವರಗಳಿಗೆ. ಎಕ್ಸ್ಎಂ ಬಳಸುವ ವಿಧಾನದಲ್ಲಿ ಎತ್ತರದ ನಾದವನ್ನು ಇದ್ದ ಹಾಗೆ ಕಳಿಸುವುದೇ ಇಲ್ಲ. ಕೆಳಗಿನ ನಾದವನ್ನು ಕಳಿಸಿ, ಜೊತೆಗೆ ‘ಮೇಲಿನದು ಹೀಗ್ಹೀಗಿತ್ತು’ ಎಂಬ ಚೀಟಿ ಲಗತ್ತಿಸುತ್ತಾರೆ. ರಿಸೀವರ್ ಕೆಳಗಿನದನ್ನೇ ನಕಲು ಮಾಡಿ, ಚೀಟಿ ನೋಡಿ ತಿದ್ದಿ, ಮೇಲಿನದನ್ನು ಕಟ್ಟಿಕೊಳ್ಳುತ್ತದೆ. ಕಂಠಕ್ಕೆ, ವಯಲಿನ್ನಿಗೆ ಈ ಮೋಸ ನಡೆಯುತ್ತದೆ. ಗೆಜ್ಜೆಗೆ ನಡೆಯುವುದಿಲ್ಲ.

ಕ್ರಿಸ್‌ಮಸ್ ಸಂಗೀತವೆಂದರೆ ಗೆಜ್ಜೆಯೇ. ಜಾರುಬಂಡಿಯ ಕುದುರೆಗೆ ಕಟ್ಟುವ ಗೆಜ್ಜೆಸರ, ನಮ್ಮ ಕಾರಹುಣ್ಣಿಮೆಯ ಎತ್ತಿನ ಕೊರಳಿನದರ ದೂರದ ನೆಂಟ. ಇಪ್ಪತ್ತು ಮೂವತ್ತು ಗುಂಡುಗೆಜ್ಜೆಗಳು ಒಟ್ಟಿಗೆ, ಆದರೆ ಒಂದೂ ಇನ್ನೊಂದರ ಜೊತೆ ಕರಾರುವಾಕ್ಕಾಗಿ ಅಲ್ಲ, ಝಲ್ಲೆನ್ನುತ್ತವೆ. ಆ ‘ಅಲ್ಲ’ದಲ್ಲೇ ಅದರ ಜೀವ. ಹಿಂಡುವ ಯಂತ್ರಕ್ಕೆ ಅದು ಬರೀ ಗದ್ದಲ, ಹಿಡಿದು ವರ್ಣಿಸಲಾಗದ್ದು. ಹೊರಬರುವಾಗ ಗೆಜ್ಜೆ ಹೋಗಿ, ಮೊರದಲ್ಲಿ ಅಕ್ಕಿ ಕೇರಿದ ಸದ್ದಾಗಿರುತ್ತದೆ. ಪರೀಕ್ಷೆಗೆ ಅಮೆರಿಕದ ಸಂಗೀತಕಾರ ಲೀರಾಯ್ ಆಂಡರ್ಸನ್ 1948ರಲ್ಲಿ ಮುಗಿಸಿದ ‘ಸ್ಲೇ ರೈಡ್’ ಎಂಬ ವಾದ್ಯಕೃತಿಯನ್ನು ಮೀರಿದ್ದಿಲ್ಲ. ಅದರಲ್ಲಿ ಉದ್ದಕ್ಕೂ ಗೆಜ್ಜೆ, ಕುದುರೆಯ ಗೊರಸಿಗೆ ಮರದ ತಾಳ, ಎರಡು ಹಲಗೆ ಫಟ್ಟನೆ ಬಡಿದು ಮಾಡುವ ಚಾಟಿ ಏಟು, ಕೊನೆಗೆ ತುತ್ತೂರಿಯಲ್ಲಿ ಕುದುರೆಯ ಕೆನೆತ. ಚಾಟಿ ಏಟಿಗೆ ಕಿವಿ ಕೊಡಬೇಕು. ಹಿಂಡಿದ್ದು ಹೆಚ್ಚಾಗಿದ್ದರೆ ಏಟು ಬೀಳುವ ಒಂದು ಚೂರು ಮೊದಲೇ ‘ಫ್ಸ್’ ಎಂಬ ನೆರಳು ಸದ್ದು ಬರುತ್ತದೆ. ಒಮ್ಮೆ ಗುರುತು ಸಿಕ್ಕಿತೆಂದರೆ ಆಮೇಲೆ ಕೇಳದಿರಲು ಆಗುವುದಿಲ್ಲ, ಅದೊಂದು ಕೇಡು.

ಇಲ್ಲೇ ಹಳೆಯ ಧ್ವನಿಮುದ್ರಣಗಳ ಭಾಗ್ಯ ತೆರೆಯುವುದು. ನಲವತ್ತರ ದಶಕದ ಮುದ್ರಣದಲ್ಲಿ ಮೇಲಿನ ಸ್ವರ ಮೊದಲೇ ಕಡಿಮೆ, ಎಡ ಬಲ ಎಂಬ ಭೇದವೂ ಇಲ್ಲ, ಇರುವುದೆಲ್ಲ ನಡುವಿನಲ್ಲಿ ನಿಂತ ಒಂದು ಕಂಠ. ಯಂತ್ರ ಕತ್ತರಿಸಬೇಕೆಂದಿದ್ದು ಅಲ್ಲಿ ಇಲ್ಲವೇ ಇಲ್ಲ. ಹೀಗಾಗಿ ಇರುವ ಚೂರು ಜಾಗದಲ್ಲಿ ಇಡೀ ಹಾಡು ಆರಾಮಾಗಿ ಕೂರುತ್ತದೆ. ಉಪಗ್ರಹದಿಂದ ಕೇಳುವುದಾದರೆ ‘ಹಾಲಿಡೇ ಟ್ರೆಡಿಷನ್ಸ್’, ಈಚಿನ ಥಳುಕಿನ ಹಾಡುಗಳಿಗೆ ಫೋನಿನ ಆ್ಯಪ್ ಅಥವಾ ಬೇರೆ ಸ್ಟ್ರೀಮಿಂಗ್. ಈ ವಿಂಗಡಣೆ ರುಚಿಯ ಪ್ರಶ್ನೆಯಲ್ಲ, ಬಿಟ್ಟುಗಳ ಲೆಕ್ಕ. ಕಾರಿನ ಟ್ರೆಬಲ್ ಎರಡು ಮೆಟ್ಟಿಲು ಇಳಿಸುವುದು, ಸರೌಂಡ್ ಎಂಬ ಗುಂಡಿ ಆರಿಸುವುದು, ಇವೆರಡರಿಂದ ಅಕ್ಕಿ ಕೇರುವ ಸದ್ದು ಎಷ್ಟೋ ತಗ್ಗುತ್ತದೆ.

ಈ ಹಳೆಯ ಹಾಡುಗಳಲ್ಲಿ ಕೆಲವು ಹುಟ್ಟಿದ್ದೇ ರೇಡಿಯೊಕ್ಕಾಗಿ ಎನ್ನುವಂತಿವೆ. ಬಿಂಗ್ ಕ್ರಾಸ್ಬಿ ‘ವೈಟ್ ಕ್ರಿಸ್‌ಮಸ್’ ಅನ್ನು ಜನರ ಮುಂದೆ ಮೊದಲು ಹಾಡಿದ್ದು 1941ರ ಡಿಸೆಂಬರ್ 25ರಂದು, ಎನ್‌ಬಿಸಿ ರೇಡಿಯೊದಲ್ಲಿ. ಪರ್ಲ್ ಹಾರ್ಬರ್ ಮೇಲೆ ದಾಳಿಯಾಗಿ ಆಗ ಹದಿನೆಂಟು ದಿನ. 1942ರ ಮೇ ತಿಂಗಳಲ್ಲಿ ಮುದ್ರಣವಾಯಿತು. ಆ ಮೂಲ ಪ್ರತಿಯಿಂದ ಎಷ್ಟು ತಟ್ಟೆ ಒತ್ತಿದರೆಂದರೆ ಅದು ಸವೆದೇ ಹೋಯಿತು. 1947ರ ಮಾರ್ಚಿನಲ್ಲಿ ಅದೇ ವಾದ್ಯವೃಂದವನ್ನು ಕೂಡಿಸಿ ಮತ್ತೆ ಹಾಡಿಸಬೇಕಾಯಿತು. ಈಗ ಸಾಮಾನ್ಯವಾಗಿ ಕೇಳಿಬರುವುದು ಈ ಎರಡನೆಯದು. ಮೊದಲ ಕೆಲವು ಸೆಕೆಂಡುಗಳಲ್ಲಿ ಕೊಳಲೂ ಸಣ್ಣ ಗಂಟೆಯಂಥ ಸಿಲೆಸ್ಟಾ ನಾದವೂ ಇದ್ದರೆ ಅದು 1947ರದು. ನ್ಯಾಟ್ ಕಿಂಗ್ ಕೋಲ್ ಹಾಡಿದ ‘ದ ಕ್ರಿಸ್‌ಮಸ್ ಸಾಂಗ್’ನದೂ ಇಂಥದೇ ಕತೆ. 1946ರಲ್ಲೇ ಎರಡು ಸಲ, 1953ರಲ್ಲಿ ಒಮ್ಮೆ, 1961ರಲ್ಲಿ ಸ್ಟೀರಿಯೊದಲ್ಲಿ ಮತ್ತೊಮ್ಮೆ. ಮಾಲ್‌ಗಳಲ್ಲಿ ಕೇಳುವುದು ಕೊನೆಯದು, ಅದೇ ಚೆಂದವೂ ಹೌದು. ಆದರೆ ಅಪರೂಪಕ್ಕೆ 1946ರದು ಬಂದರೆ ಧ್ವನಿಯ ಎಳೆತನ ಗೊತ್ತಾಗುತ್ತದೆ. ತನ್ನಷ್ಟಕ್ಕೆ ಹರಿದುಬರುವ ಚಾನೆಲ್ಲಿನಲ್ಲಿ ಇಂಥದ್ದು ಸಿಗುತ್ತದೆ. ಹುಡುಕಿ ಹಾಕಿಕೊಂಡರೆ ಎಲ್ಲರೂ ಒತ್ತುವ ಆವೃತ್ತಿಯೇ ಮೊದಲು ಬರುತ್ತದೆ.

ಹಳೆಯ ಹಾಡಿನ ದುಡ್ಡಿನ ವಿಚಾರವೂ ಸ್ವಾರಸ್ಯದ್ದು. ಅಮೆರಿಕದ ಎಫ್.ಎಂ. ನಿಲಯ ಹಾಡು ಹಾಕಿದರೆ ಬರೆದವರಿಗೆ, ಸ್ವರ ಹಾಕಿದವರಿಗೆ ಸಂಭಾವನೆ ಹೋಗುತ್ತದೆ. ಹಾಡಿದವರಿಗೂ ರೆಕಾರ್ಡ್ ಕಂಪನಿಗೂ ಕೊಡಬೇಕೆಂಬ ಕಾನೂನಿಲ್ಲ. ಉಪಗ್ರಹ ರೇಡಿಯೊ ಇಬ್ಬರಿಗೂ ಕೊಡಬೇಕು. 2018ರಿಂದ ಆದಾಯದ ನೂರಕ್ಕೆ 15.5 ಪಾಲು ಹಾಡಿದವರ ಬದಿಗೆ ಎಂದು ನಿಗದಿಯಾಗಿದೆ. ತಿಂಗಳ ಬಿಲ್ಲಿನಲ್ಲಿ ‘ಮ್ಯೂಸಿಕ್ ರಾಯಲ್ಟಿ ಫೀ’ ಎಂದು ಬೇರೆಯಾಗಿ ಕಾಣುವ ಮೊತ್ತದ ಹಿಂದೆ ಇರುವುದು ಇದೇ ಬಾಬತ್ತು. ಆದರೆ 1972ರ ಫೆಬ್ರವರಿಗೆ ಮೊದಲು ಮುದ್ರಣವಾದದ್ದು ಅಮೆರಿಕದ ಕೇಂದ್ರ ಕೃತಿಸ್ವಾಮ್ಯ ಕಾನೂನಿನ ಹೊರಗಿತ್ತು. ಅಂದರೆ ಹಬ್ಬದ ಜನಪ್ರಿಯ ಹಾಡುಗಳಲ್ಲಿ ದೊಡ್ಡ ಪಾಲೇ ಹೊರಗಿತ್ತು. 2013ರಲ್ಲಿ ‘ದ ಟರ್ಟಲ್ಸ್’ ತಂಡದ ಇಬ್ಬರು ಗಾಯಕರು ಮೊಕದ್ದಮೆ ಹೂಡಿದರು. 2015ರಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳ ಜೊತೆ ಸಿರಿಯಸ್ಎಕ್ಸ್ಎಂ 21 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. 2018ರ ಅಕ್ಟೋಬರಿನಲ್ಲಿ ಹೊಸ ಕಾಯಿದೆ ಬಂದು ಹಳೆಯ ಮುದ್ರಣಗಳಿಗೂ ಸಂಭಾವನೆ ಖಾಯಮಾಯಿತು. ತೀರಿಕೊಂಡು ಎಷ್ಟೋ ದಶಕವಾದ ಗಾಯಕರ ಮನೆಯವರಿಗೂ ಈಗ ಡಿಸೆಂಬರ್ ಒಂದಿಷ್ಟು ತರುತ್ತದೆ.

ಒಂದೇ ಹಾಡು ದಿನಕ್ಕೆ ಹತ್ತು ಸಲ ಬರುತ್ತದಲ್ಲ ಎಂಬ ದೂರು ಸುಳ್ಳಲ್ಲ. ಹಬ್ಬದ ಹಾಡುಗಳ ಕಣಜ ಚಿಕ್ಕದು. ಒಂದೇ ಹಾಡನ್ನು ಇಪ್ಪತ್ತು ಜನ ಹಾಡಿರುತ್ತಾರೆ. ಇದಕ್ಕೆ ಮದ್ದು, ಒಂದೇ ಚಾನೆಲ್ಲಿಗೆ ಅಂಟಿಕೊಳ್ಳದೆ ಸ್ವಭಾವ ಬೇರೆ ಬೇರೆಯಾದ ಮೂರನ್ನು ಮೊದಲ ಗುಂಡಿಗಳಿಗೆ ಹಾಕಿಕೊಳ್ಳುವುದು: ಹಳೆಯದೊಂದು, ಸೋಲ್ ಒಂದು, ವೃಂದಗಾನದ್ದೊಂದು. ಈಚಿನ ಹಲವು ರಿಸೀವರ್‌ಗಳಲ್ಲಿ ಗುಂಡಿಗೆ ಹಾಕಿದ ಚಾನೆಲ್ಲುಗಳನ್ನು ಯಂತ್ರ ಒಳಗೊಳಗೇ ಹಿಡಿದಿಡುತ್ತಿರುತ್ತದೆ. ‘ಟ್ಯೂನ್ ಸ್ಟಾರ್ಟ್’ ಚಾಲೂ ಇದ್ದರೆ ಗುಂಡಿ ಒತ್ತಿದ ಕೂಡಲೇ ಅಲ್ಲಿ ಬರುತ್ತಿರುವ ಹಾಡು ಮೊದಲಿಂದ ಶುರುವಾಗುತ್ತದೆ. ಕಾರು ಆಗತಾನೇ ಹೊರಟಿದ್ದರೆ ಇದು ನಡೆಯದು, ಹಿಡಿದಿಡಲು ಅದಕ್ಕೂ ಒಂದೆರಡು ಹಾಡಿನ ಹೊತ್ತು ಬೇಕು. ‘360ಎಲ್’ ಎಂಬ ಹೊಸ ಬಗೆಯ ರೇಡಿಯೊ ಇರುವ ಕಾರುಗಳು ಉಪಗ್ರಹ ಸಿಗದಾಗ ಇಂಟರ್ನೆಟ್ಟಿಗೆ ಜಿಗಿಯುತ್ತವೆ. ಎರಡರ ನಡುವೆ ಒಂದಿಷ್ಟು ಹೊತ್ತಿನ ಅಂತರ ಇರುವುದರಿಂದ ಒಂದು ಸಾಲು ಎರಡು ಸಲ ಕೇಳಿಸಿದರೆ ಗಾಬರಿ ಬೇಡ.

ಬೆಂಗಳೂರಿನ ಕೆಲವು ಅಟ್ಟಗಳ ಮೇಲೆ ಇಂದಿಗೂ ಉಪಗ್ರಹ ರೇಡಿಯೊದ ಪೆಟ್ಟಿಗೆಗಳು ಇರಬೇಕು. ಅಮೆರಿಕದ ಎಕ್ಸ್ಎಂ ಶುರುವಾಗುವ ಮೊದಲೇ, 2000ದ ಮಾರ್ಚಿನಲ್ಲಿ, ವರ್ಲ್ಡ್‌ಸ್ಪೇಸ್ ಕಂಪನಿಯ ಏಷ್ಯಾಸ್ಟಾರ್ ಹಾರಿತ್ತು. ಭಾರತದ ಕಚೇರಿ ಬೆಂಗಳೂರಿನಲ್ಲಿ, ಜಾಹೀರಾತಿಗೆ ಎ.ಆರ್. ರೆಹಮಾನ್ ರಾಗ, ಕನ್ನಡಕ್ಕೆ ‘ಸ್ಪರ್ಶ’ ಎಂಬ ಚಾನೆಲ್, ಕರ್ನಾಟಕ ಸಂಗೀತಕ್ಕೆ ‘ಶ್ರುತಿ’. ಪೂರ್ವ ರೇಖಾಂಶ 105ರಲ್ಲಿದ್ದ ಆ ಉಪಗ್ರಹಕ್ಕೆ ಬೆಂಗಳೂರಿನವರು ಆಂಟೆನಾವನ್ನು ಪೂರ್ವದಿಂದ ತುಸು ದಕ್ಷಿಣಕ್ಕೆ, ಸುಮಾರು 55 ಡಿಗ್ರಿ ಮೇಲಕ್ಕೆ ಇಡಬೇಕಿತ್ತು. ಕಾಂಪೌಂಡಿನ ತೆಂಗಿನ ಗರಿ ಅಡ್ಡ ಬಂದರೆ ಮುಗಿಯಿತು, ಫರ್ ಮರದ ಪಾತ್ರವನ್ನು ಅಲ್ಲಿ ತೆಂಗು ವಹಿಸುತ್ತಿತ್ತು. ಕಾರಿಗಿಂತ ಮನೆಯ ಹಾಲ್‌ಗೇ ಹೆಚ್ಚು ಮಾರಾಟವಾದದ್ದು, ನೆಲದ ರಿಪೀಟರ್‌ಗಳು ಇಲ್ಲದ್ದು ಅದರ ಕೈಕಟ್ಟಿದವು. 2008ರ ಅಕ್ಟೋಬರಿನಲ್ಲಿ ಮೂಲ ಕಂಪನಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಪ್ರಸಾರ ನಿಂತಿತು. ಅಮೆರಿಕದ ಎಡಿಸನ್, ಫ್ರೀಮಾಂಟ್ ಊರುಗಳ ಕಡೆಯ ಕನ್ನಡದ ಮನೆಗಳಲ್ಲಿ ಹೊಸ ಕಾರಿನ ಜೊತೆ ಈ ರೇಡಿಯೊ ಬಂದಾಗ ‘ಇದು ನಮ್ಮಲ್ಲೂ ಇತ್ತಲ್ಲ’ ಎನ್ನುವವರು ಅದಕ್ಕೇ ಸಿಗುತ್ತಾರೆ.

ಹೊಸ ಕಾರಿಗೆ ಸಾಮಾನ್ಯವಾಗಿ ಮೂರು ತಿಂಗಳು ಪುಕ್ಕಟೆ ಸೇವೆ ಬರುತ್ತದೆ, ಕಾರು ತಯಾರಕರನ್ನು ಅವಲಂಬಿಸಿ ಹೆಚ್ಚು ಕಡಿಮೆ. ಆಗಸ್ಟಿನಲ್ಲಿ ಕಾರು ಕೊಂಡವರಿಗೆ ಅದು ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ತೀರಿರುತ್ತದೆ, ಸರಿಯಾಗಿ ಹಾಡು ಶುರುವಾಗುವಾಗ. ಅಕ್ಟೋಬರಿನಲ್ಲಿ ಕೊಂಡವರೇ ಅದೃಷ್ಟವಂತರು. ಹಬ್ಬಕ್ಕೆಂದೇ ಚಂದಾ ಕಟ್ಟುವವರು ಮೊದಲು ಮಾಡಬೇಕಾದ್ದು ರೇಡಿಯೊ ಐಡಿ ಬರೆದುಕೊಳ್ಳುವುದು. ಚಾನೆಲ್ 0ಗೆ ಹೋದರೆ ಬಹುತೇಕ ರೇಡಿಯೊಗಳಲ್ಲಿ ಅದು ಪರದೆಗೆ ಬರುತ್ತದೆ. ಎಕ್ಸ್ಎಂ ಬಗೆಯದ್ದರಲ್ಲಿ ಎಂಟು ಅಕ್ಷರ, ಸಿರಿಯಸ್ ಬಗೆಯದ್ದರಲ್ಲಿ ಹನ್ನೆರಡು ಅಂಕಿ. ಎಂಟಕ್ಷರದ್ದರಲ್ಲಿ ‘ಓ’, ‘ಐ’, ‘ಎಸ್’, ‘ಎಫ್’ ಬಳಸುವುದಿಲ್ಲ. ಹಾಗಾಗಿ ಗುಂಡಗೆ ಕಂಡದ್ದೆಲ್ಲ ಸೊನ್ನೆ, ಕಡ್ಡಿಯಂತೆ ಕಂಡದ್ದು ಒಂದು. ಚಂದಾ ಕಟ್ಟಿಯೂ ‘ಚಾನೆಲ್ ನಾಟ್ ಸಬ್‌ಸ್ಕ್ರೈಬ್ಡ್’ ಎನ್ನುತ್ತಿದ್ದರೆ ಅನುಮತಿ ಸಂದೇಶ ಇನ್ನೂ ಇಳಿದಿಲ್ಲ ಎಂದರ್ಥ. ಅದೂ ಉಪಗ್ರಹದಿಂದಲೇ ಬರಬೇಕು. ಕಾರನ್ನು ಗ್ಯಾರೇಜಿನಿಂದ ಹೊರಗೆ, ಆಕಾಶ ಕಾಣುವಲ್ಲಿ ನಿಲ್ಲಿಸಿ, ರೇಡಿಯೊ ಚಾಲೂ ಇಟ್ಟು, ಚಾನೆಲ್ 1ಕ್ಕೆ ಹಾಕಿ, ವೆಬ್‌ಸೈಟಿನಿಂದ ಸಿಗ್ನಲ್ ರಿಫ್ರೆಶ್ ಕಳಿಸಿ ಹದಿನೈದು ನಿಮಿಷ ಕಾಯಬೇಕು. ಗ್ಯಾರೇಜಿನೊಳಗೆ ಕೂತು ನಾಲ್ಕು ಸಲ ಕಳಿಸಿದರೂ ಅದು ತಗಡಿನ ಸೂರಿಗೆ ಬಡಿದು ಹೋಗುತ್ತದೆ. ರಿಯಾಯಿತಿ ದರದ ಚಂದಾ ಅವಧಿ ಮುಗಿದ ಮೇಲೆ ಪೂರ್ತಿ ದರಕ್ಕೆ ತಾನಾಗಿ ಹೊರಳುತ್ತದೆ. ರದ್ದು ಮಾಡುವ ದಿನವನ್ನು ಕಟ್ಟಿದ ದಿನವೇ ಫೋನಿನ ಕ್ಯಾಲೆಂಡರಿನಲ್ಲಿ ಹಾಕಿಡುವುದು ವಾಸಿ, ಗಡುವಿಗೆ ಒಂದು ವಾರ ಮುಂಚೆಗೆ.

ಡಿಸೆಂಬರ್ 26ರ ಬೆಳಿಗ್ಗೆ ಕೆಲವು ಚಾನೆಲ್ ಖಾಲಿಯಾಗುತ್ತವೆ, ಕೆಲವು ಹೊಸ ವರ್ಷದವರೆಗೆ ಎಳೆಯುತ್ತವೆ. ಮೂರನೇ ಗುಂಡಿ ಒತ್ತಿದರೆ ‘ಚಾನೆಲ್ ಅನ್‌ಅವೈಲಬಲ್’ ಎಂದೋ, ಜಾಗ ಬಿಟ್ಟುಕೊಟ್ಟಿದ್ದ ಹಳೆಯ ಚಾನೆಲ್ಲಿನ ಹಾಡೋ ಬರುತ್ತದೆ. ಆ ಗುಂಡಿಗಳಿಗೆ ಬೇರೇನಾದರೂ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ‘ಟ್ಯೂನ್ ಸ್ಟಾರ್ಟ್’ ಇಲ್ಲದ ಚಾನೆಲ್ಲನ್ನು ಕಾಯುತ್ತಾ ಕೂರುತ್ತದೆ. ಒಣಗಿದ ಮರ ರಸ್ತೆ ಬದಿಗೆ ಹೋಗುವ ವಾರ ಕಾರಿನ ನೆತ್ತಿಯನ್ನೂ ಒಮ್ಮೆ ನೋಡಬೇಕು. ಶಾರ್ಕ್ ಫಿನ್ ಸುತ್ತ ಫರ್ ಮರದ ಅಂಟು ಚುಕ್ಕೆ ಚುಕ್ಕೆಯಾಗಿ ಗಟ್ಟಿಯಾಗಿರುತ್ತದೆ, ಅದರಲ್ಲಿ ಎರಡು ಮೂರು ಎಲೆಸೂಜಿ ಸಿಕ್ಕಿಕೊಂಡಿರುತ್ತವೆ. ಉಗುರಿನಿಂದ ಕೀಳಬಾರದು, ಬಣ್ಣ ಏಳುತ್ತದೆ. ಐಸೋಪ್ರೊಪೈಲ್ ಆಲ್ಕೊಹಾಲ್ ತೊಯಿಸಿದ ಬಟ್ಟೆಯನ್ನು ಅರ್ಧ ನಿಮಿಷ ಅದರ ಮೇಲಿಟ್ಟು, ಮೆತ್ತಗಾದ ಮೇಲೆ ಒರೆಸಿ, ಸಾಬೂನು ನೀರಲ್ಲಿ ತೊಳೆದು, ಕೊನೆಗೆ ಸ್ವಲ್ಪ ಮೇಣ ತಿಕ್ಕಿದರೆ ಸಾಕು.